ಬಿಲ್ಲಿನ ಪ್ರಕಾರ 1,460 ರೂಪಾಯಿ ಉಳಿದಿದೆ. ಹಾಗಿದ್ದರೆ ಆ ದುಡ್ಡು ಎಲ್ಲಿ?

ಪ್ರಶ್ನೆ: ನಾವಿರುವುದು ಮೈಸೂರಿನಲ್ಲಿ. ಗಂಡ, ನಾನು, ಎರಡು ಮಕ್ಕಳು, ಅತ್ತೆ, ಒಟ್ಟು ಐದು ಜನ. ಮೊದಲು ಬೀದಿ ಕೊನೆಯ ಶೆಟ್ಟರ ಅಂಗಡಿಯಲ್ಲಿ ಬರೆಸಿ ಸಾಮಾನು ತರುತ್ತಿದ್ದೆವು. ತಿಂಗಳಿಗೆ ಏಳು ಸಾವಿರದ ಆಸುಪಾಸು ಆಗುತ್ತಿತ್ತು. ಒಂದು ವರ್ಷದಿಂದ ಪ್ರತಿ ತಿಂಗಳ ಮೊದಲ ಭಾನುವಾರ ಏಳು ಕಿಲೋಮೀಟರ್ ದೂರದ ರಿಯಾಯಿತಿ ದರದ ದೊಡ್ಡ ಮಳಿಗೆಗೆ ಹೋಗುತ್ತಿದ್ದೇವೆ. ಬಿಲ್ಲಿನ ಕೆಳಗೆ 'ನಿಮ್ಮ ಉಳಿತಾಯ 1,460 ರೂಪಾಯಿ' ಎಂದು ಬರುತ್ತದೆ. ಆದರೆ ಬಿಲ್ಲೇ ಒಂಬತ್ತು ಸಾವಿರ ದಾಟುತ್ತಿದೆ. ಅಲ್ಲಿ ಎರಡನೇ ದರ್ಜೆ ಮಾಲು, ಅಕ್ಕಿಯಲ್ಲಿ ಪ್ಲಾಸ್ಟಿಕ್ ಬೆರೆಸುತ್ತಾರೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಅಲ್ಲಿಯ ತೊಗರಿಬೇಳೆ ಬೇಯುವುದೇ ಇಲ್ಲ ಎಂಬುದು ಅತ್ತೆಯ ದೂರು. ಇನ್ನೊಂದು ಮಾತು. ಕೋವಿಡ್ ಸಮಯದಲ್ಲಿ ಸಂಬಳ ನಿಂತಾಗ ಮೂರು ತಿಂಗಳು ಒಂದು ಮಾತೂ ಆಡದೆ ಸಾಮಾನು ಕೊಟ್ಟವರು ಶೆಟ್ಟರು. ಈಗ ದೊಡ್ಡ ಚೀಲ ಹಿಡಿದು ಅವರ ಅಂಗಡಿ ಮುಂದೆ ಬರಲು ನಾಚಿಕೆಯಾಗಿ ಆಟೋವನ್ನು ಹಿಂದಿನ ರಸ್ತೆಯಿಂದ ಕರೆಸುತ್ತೇನೆ. ನಿಜವಾಗಿ ನಮಗೆ ಏನಾದರೂ ಉಳಿಯುತ್ತಿದೆಯೇ? ಮೂರು ತಿಂಗಳ ಬಿಲ್ಲು ಮತ್ತು ಅದೇ ವಾರ ಶೆಟ್ಟರ ಅಂಗಡಿಯಲ್ಲಿ ಕೇಳಿ ಬರೆದುಕೊಂಡ ದರಪಟ್ಟಿ ಕಳಿಸಿದ್ದೇನೆ.

ಉತ್ತರ: ದರಪಟ್ಟಿ ಕಳಿಸಿದ್ದು ಬಹಳ ಒಳ್ಳೆಯದಾಯಿತು. ದಿನಸಿ ಖರೀದಿಯ ಕೆಲಸದಲ್ಲಿ ಹದಿನೆಂಟು ವರ್ಷ ಕಳೆದವನು ನಾನು. ಬಿಲ್ಲು ತೋರಿಸಿ ಸಲಹೆ ಕೇಳುವವರು ಸಿಗುತ್ತಾರೆ. ಎರಡೂ ಕಡೆಯ ದರ ಒಂದೇ ವಾರ ಬರೆದುಕೊಂಡು ಬರುವವರು ಸಿಗುವುದಿಲ್ಲ. ಅದಿಲ್ಲದೆ ಈ ಪ್ರಶ್ನೆಗೆ ಯಾರೂ ಉತ್ತರ ಹೇಳಲಾರರು.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ. ದುಡ್ಡು ಉಳಿಯುತ್ತಿದೆಯೇ, ಮಾಲು ಚೆನ್ನಾಗಿದೆಯೇ, ಶೆಟ್ಟರಿಗೆ ಅನ್ಯಾಯ ಮಾಡುತ್ತಿದ್ದೇನೆಯೇ. ಮೊದಲು ದುಡ್ಡಿನ ಲೆಕ್ಕ ನೋಡೋಣ.

ಕಳೆದ ತಿಂಗಳ ನಿಮ್ಮ ಬಿಲ್ಲು 9,180 ರೂಪಾಯಿ. ಅದನ್ನು ಸಾಲು ಸಾಲಾಗಿ ಬಿಡಿಸಿ ನೋಡಿದೆ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಹಿಟ್ಟು, ಮಸಾಲೆ ಸಾಮಾನು ಎಲ್ಲ ಸೇರಿ 4,310. ಸಾಬೂನು, ಪೇಸ್ಟು, ಬಟ್ಟೆ ಒಗೆಯುವ ಪುಡಿ, ಫಿನಾಯಿಲ್ 1,420. ಬಿಸ್ಕತ್ತು, ಚಿಪ್ಸು, ನೂಡಲ್ಸು, ಡಬ್ಬಿ ಜ್ಯೂಸು 1,890. ಪ್ಲಾಸ್ಟಿಕ್ ಡಬ್ಬ, ಟವೆಲು, ಮಕ್ಕಳ ಟೀ ಶರ್ಟು 1,560. ಶೆಟ್ಟರ ಅಂಗಡಿಯಿಂದ ನೀವು ತರುತ್ತಿದ್ದ ಸಾಮಾನಿಗೆ ಹೋಲಿಸಬೇಕಾದದ್ದು ಮೊದಲ ಎರಡು ಮೊತ್ತಗಳನ್ನು ಮಾತ್ರ, ಅಂದರೆ 5,730 ರೂಪಾಯಿ. ಇದೇ ಸಾಮಾನು, ಇದೇ ತೂಕ, ಶೆಟ್ಟರ ಈಗಿನ ದರದಲ್ಲಿ ನೀವೇ ಬರೆದಂತೆ 6,300 ಆಗುತ್ತದೆ. ವ್ಯತ್ಯಾಸ 570. ಹೋಗಿ ಬರುವ ಆಟೋಗೆ 300 ಎಂದು ಬರೆದಿದ್ದೀರಿ. ಉಳಿದದ್ದು 270 ರೂಪಾಯಿ.

ಅಂದರೆ ಉಳಿತಾಯ ಆಗುತ್ತಿರುವುದು ಸುಳ್ಳಲ್ಲ. ಆದರೆ ಅದು 1,460 ಅಲ್ಲ, 270. ಬಿಲ್ಲಿನ ಆ ಸಾಲು ಲೆಕ್ಕ ಹಾಕುವುದು ಎಂಆರ್‌ಪಿಯಿಂದ. ಎಂಆರ್‌ಪಿ ಎನ್ನುವುದು ಮಾರಬಹುದಾದ ಗರಿಷ್ಠ ಬೆಲೆ. ಎಣ್ಣೆ, ಹಿಟ್ಟು, ಪೊಟ್ಟಣದ ಬೇಳೆ ಇಂಥವನ್ನು ಶೆಟ್ಟರೂ ಎಂಆರ್‌ಪಿಗಿಂತ ಕಡಿಮೆಗೇ ಕೊಡುತ್ತಾರೆ, ಅದನ್ನು ಕೆಳಗೆ ಬರೆದು ಕೊಡುವುದಿಲ್ಲ ಅಷ್ಟೆ. ನೀವು ಎಂದೂ ಕೊಡದೇ ಇದ್ದ ಬೆಲೆಯಿಂದ ಕಳೆದು ತೋರಿಸಿದ್ದು ನಿಮ್ಮ ಮನೆಯ ಉಳಿತಾಯ ಆಗುವುದಿಲ್ಲ. ಹಳೆಯ ಬಿಲ್ಲಿಗೆ ಹೊಸದನ್ನು ಹೋಲಿಸುವಾಗ ಇನ್ನೊಂದನ್ನೂ ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ ಮೈಸಾಬೂನು, ಶಾಂಪೂ, ಟೂತ್‌ಪೇಸ್ಟ್‌ಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಆ ಇಳಿಕೆ ಎರಡೂ ಅಂಗಡಿಗಳಿಗೆ ಒಂದೇ. ಅದನ್ನು ದೊಡ್ಡ ಮಳಿಗೆಯ ಖಾತೆಗೆ ಜಮಾ ಮಾಡಬೇಡಿ.

ಹಾಗಾದರೆ ಈ ಮಳಿಗೆಗಳು ನಿಜಕ್ಕೂ ಕಡಿಮೆಗೆ ಹೇಗೆ ಮಾರುತ್ತವೆ? 'ಕಡಿಮೆ ಬೆಲೆ ಎಂದರೆ ಕೆಟ್ಟ ಮಾಲು' ಎಂಬ ಮಾತು ಹುಟ್ಟಿರುವುದೇ ಇದು ತಿಳಿಯದೆ ಇರುವುದರಿಂದ. ನೀವು ಹೋಗುವ ಮಳಿಗೆ ಯಾವುದೆಂದು ಬರೆದಿಲ್ಲ, ಬೇಕಾಗಿಯೂ ಇಲ್ಲ. ಡಿಮಾರ್ಟ್ ಉದಾಹರಣೆ ತೆಗೆದುಕೊಳ್ಳುತ್ತೇನೆ. ಅದರ ಕಂಪನಿ ಅವೆನ್ಯೂ ಸೂಪರ್‌ಮಾರ್ಟ್ಸ್ 2017ರಲ್ಲಿ ಷೇರುಪೇಟೆಗೆ ಬಂದಿದ್ದರಿಂದ ಲೆಕ್ಕಪತ್ರ ಯಾರು ಬೇಕಾದರೂ ಓದಬಹುದು. ರಾಧಾಕಿಶನ್ ದಮಾನಿ ಮುಂಬೈನ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದದ್ದು 2002ರಲ್ಲಿ. ಬಹುಪಾಲು ಮಳಿಗೆಗಳ ಕಟ್ಟಡ ಕಂಪನಿಯದೇ, ತಿಂಗಳ ಬಾಡಿಗೆಯ ಹೊರೆ ಕಡಿಮೆ. ಸರಬರಾಜು ಮಾಡುವವರಿಗೆ ವಾರಗಟ್ಟಲೆ ಕಾಯಿಸದೆ ಬೇಗ ಹಣ ಕೊಡುತ್ತಾರೆ, ಪ್ರತಿಯಾಗಿ ದರ ಇಳಿಸಿಕೊಳ್ಳುತ್ತಾರೆ. ನಾನು ಖರೀದಿ ಮೇಜಿನ ಈಚೆ ಕುಳಿತು ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಮುಂದಿನ ವಾರ ದುಡ್ಡು ಬರುತ್ತದೆ ಎಂಬ ಖಾತರಿ ಇದ್ದರೆ ವ್ಯಾಪಾರಿ ಸಂತೋಷದಿಂದಲೇ ಎರಡು ಪರ್ಸೆಂಟು ಬಿಡುತ್ತಾನೆ. ಜೊತೆಗೆ ಅಲಂಕಾರ ಕಡಿಮೆ, ಒಂದೊಂದು ಪದಾರ್ಥದಲ್ಲಿ ಆಯ್ಕೆಗಳು ಕಡಿಮೆ, ಮಾಲು ಕಪಾಟಿನಲ್ಲಿ ನಿಲ್ಲುವ ದಿನಗಳೂ ಕಡಿಮೆ.

ಆ ಲೆಕ್ಕಪತ್ರದಲ್ಲೇ ನಿಮ್ಮ 1,560 ರೂಪಾಯಿಗೂ ಉತ್ತರವಿದೆ. ಒಟ್ಟಾರೆ ನೂರು ರೂಪಾಯಿ ಮಾರಾಟದಲ್ಲಿ ಖರೀದಿ ಬೆಲೆ ಕಳೆದು ಅವರಿಗೆ ಸಿಗುವುದು ಸುಮಾರು ಹದಿನೈದು ರೂಪಾಯಿ. ಆದರೆ ಈ ಹದಿನೈದು ಎಲ್ಲ ಸಾಮಾನಿನ ಮೇಲೂ ಸಮನಾಗಿ ಬರುವುದಿಲ್ಲ. ಬೇಳೆ, ಎಣ್ಣೆ, ಸಕ್ಕರೆಯ ಮೇಲೆ ಬಹಳ ಕಡಿಮೆ. ಬಟ್ಟೆ, ಪಾತ್ರೆ, ಪ್ಲಾಸ್ಟಿಕ್ ಸಾಮಾನಿನ ಮೇಲೆ ಹೆಚ್ಚು. ಮಾರಾಟದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಬರುವುದು ಆ ಬಟ್ಟೆ ಪಾತ್ರೆಗಳಿಂದ. ಅದರ ಪಾಲು ಇಳಿದರೆ ಲಾಭವೂ ಇಳಿಯುತ್ತದೆ ಎಂದು ಕಂಪನಿಯೇ ಹೂಡಿಕೆದಾರರಿಗೆ ಹೇಳುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ವ್ಯಾಪಾರದ ರಚನೆಯೇ ಹಾಗೆ. ಅಗ್ಗದ ತೊಗರಿಬೇಳೆ ನಿಮ್ಮನ್ನು ಏಳು ಕಿಲೋಮೀಟರ್ ಕರೆತರುತ್ತದೆ, ಖರ್ಚಿನ ಕೊರತೆ ತುಂಬುವುದು ನೀವು ಬರೆದುಕೊಂಡು ಹೋಗದೇ ಇದ್ದ ಡಬ್ಬ ಮತ್ತು ಟವೆಲು. ನಿಮ್ಮ ಮೂರೂ ಬಿಲ್ಲುಗಳಲ್ಲಿ ಡಬ್ಬಗಳಿವೆ. ಮೂರು ತಿಂಗಳಲ್ಲಿ ಹನ್ನೊಂದು ಡಬ್ಬ.

ಬಿಸ್ಕತ್ತು ಚಿಪ್ಸಿನ 1,890ರ ಬಗ್ಗೆ ನಾನು ಬುದ್ಧಿ ಹೇಳಲು ಹೋಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ಭಾನುವಾರದ ಆ ಓಡಾಟ ಅವರಿಗೂ ಒಂದು ಸಂಭ್ರಮ. ಆದರೆ ಅದರ ಹಿಂದಿನ ಕಾರಣ ನಿಮಗೆ ತಿಳಿದಿರಬೇಕು. ಶೆಟ್ಟರ ಅಂಗಡಿಯಿಂದ ಹತ್ತು ರೂಪಾಯಿಯ ಪೊಟ್ಟಣ ತಂದರೆ ಅಂದೇ ಮುಗಿಯುತ್ತದೆ, ನಾಳೆ ಇನ್ನೊಂದು ಬೇಕೆಂದರೆ ಮತ್ತೆ ಎದ್ದು ಹೋಗಬೇಕು. ಕಪಾಟಿನಲ್ಲಿ ಆರು ದೊಡ್ಡ ಪೊಟ್ಟಣ ಇದ್ದರೆ ಆರೂ ಎರಡನೇ ವಾರಕ್ಕೆ ಮುಗಿಯುತ್ತವೆ. ತಿನ್ನುವ ಸಾಮಾನು ದರದಲ್ಲಿ ಇಳಿದಷ್ಟೂ ಮನೆಯಲ್ಲಿ ಬಳಕೆಯಲ್ಲಿ ಏರುತ್ತದೆ. ಸಾಬೂನಿಗೆ ಈ ನಿಯಮ ಇಲ್ಲ, ಐದು ಸಾಬೂನು ಇದೆ ಎಂದು ಯಾರೂ ದಿನಕ್ಕೆರಡು ಸಲ ಹೆಚ್ಚು ಸ್ನಾನ ಮಾಡುವುದಿಲ್ಲ. ಕೊನೆಯಲ್ಲಿ ನಾನು ಹೇಳುವ ಏರ್ಪಾಡು ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ.

ಈಗ ಗುಣಮಟ್ಟ. ಕಂಪನಿಯ ಹೆಸರಿರುವ ಸಾಬೂನು, ಬಿಸ್ಕತ್ತು, ಎಣ್ಣೆ ಯಾವ ಅಂಗಡಿಯಲ್ಲಿ ಕೊಂಡರೂ ಅದೇ ಮಾಲು. ದೊಡ್ಡ ಮಳಿಗೆಗೆಂದು ಕಾರ್ಖಾನೆಯಲ್ಲಿ ಎರಡನೇ ದರ್ಜೆಯ ಪೇಸ್ಟು ಕುದಿಸುವುದಿಲ್ಲ. ವ್ಯತ್ಯಾಸ ಇರುವುದು ತೂಕದಲ್ಲಿ. ಕೆಲವು ವರ್ಷಗಳ ಹಿಂದಿನವರೆಗೆ ಎಣ್ಣೆ, ಬಿಸ್ಕತ್ತು, ಹಿಟ್ಟು ಇಂಥವನ್ನು ನಿಗದಿತ ಅಳತೆಯಲ್ಲೇ ಪೊಟ್ಟಣ ಕಟ್ಟಬೇಕೆಂಬ ನಿಯಮವಿತ್ತು. ಈಗ ಅದನ್ನು ತೆಗೆದಿದ್ದಾರೆ. ನಿಮ್ಮ ಬಿಲ್ಲಿನಲ್ಲೇ ಇರುವ ಎಣ್ಣೆ ನೋಡಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದೇ ಗಾತ್ರದಂತೆ ಕಾಣುವ 850 ಗ್ರಾಂ, 800 ಗ್ರಾಂ ಪೊಟ್ಟಣಗಳೂ ಈಗ ಮಾರುಕಟ್ಟೆಯಲ್ಲಿವೆ. 910 ಗ್ರಾಂ ಪೊಟ್ಟಣ 150 ರೂಪಾಯಿ, 850 ಗ್ರಾಂ ಪೊಟ್ಟಣ 143 ರೂಪಾಯಿ ಎಂದಿಟ್ಟುಕೊಳ್ಳಿ. ಕೈ ತಾನಾಗಿ ಎರಡನೆಯದಕ್ಕೆ ಹೋಗುತ್ತದೆ. ಕಿಲೋ ಲೆಕ್ಕದಲ್ಲಿ ಮೊದಲನೆಯದು ಸುಮಾರು 165, ಎರಡನೆಯದು 168. ಏಳು ರೂಪಾಯಿ ಉಳಿಸಿದೆ ಅಂದುಕೊಂಡು ಹೆಚ್ಚು ಕೊಟ್ಟು ಬಂದಿರುತ್ತೀರಿ.

ಇದಕ್ಕಾಗಿಯೇ ಪೊಟ್ಟಣದ ಮೇಲೆ ಎಂಆರ್‌ಪಿ ಪಕ್ಕದಲ್ಲಿ 'ಗ್ರಾಮಿಗೆ ಇಷ್ಟು' ಅಥವಾ 'ಕೆಜಿಗೆ ಇಷ್ಟು' ಎಂಬ ದರವನ್ನೂ ಮುದ್ರಿಸಬೇಕೆಂಬ ನಿಯಮ ಬಂದಿದೆ. ಸಣ್ಣ ಅಕ್ಷರದಲ್ಲಿರುತ್ತದೆ, ಹುಡುಕಿ ಓದಿ. ಒಂದು ಎಚ್ಚರಿಕೆ: ಆ ದರ ಎಂಆರ್‌ಪಿ ಮೇಲೆ ಹಾಕಿದ್ದು. ಮಳಿಗೆಯ ರಿಯಾಯಿತಿ ಬೆಲೆಗೆ ಅದು ಹೊಂದುವುದಿಲ್ಲ. ಫೋನಿನ ಕ್ಯಾಲ್ಕುಲೇಟರ್ ತೆಗೆದು, ಕೊಡುವ ಬೆಲೆಯನ್ನು ಗ್ರಾಮಿನಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಕಿಲೋ ದರ ಬರುತ್ತದೆ. ಎಲ್ಲದಕ್ಕೂ ಮಾಡಬೇಕಿಲ್ಲ. ಎಣ್ಣೆ, ಬಟ್ಟೆ ಪುಡಿ, ಚಹಾಪುಡಿ, ಕಾಫಿಪುಡಿ, ಈ ನಾಲ್ಕಕ್ಕೆ ಮಾಡಿದರೆ ಸಾಕು.

ಮಳಿಗೆಯವರೇ ಪೊಟ್ಟಣ ಕಟ್ಟಿದ ಬೇಳೆ, ಅಕ್ಕಿಯ ವಿಷಯ ಬೇರೆ. ಅಲ್ಲಿ ದರ್ಜೆಯಲ್ಲಿ ವ್ಯತ್ಯಾಸ ನಿಜವಾಗಿಯೂ ಇರುತ್ತದೆ. ಕಾಳಿನ ಗಾತ್ರ, ಒಡಕಿನ ಪ್ರಮಾಣ, ಹಳೆಯದೋ ಹೊಸದೋ, ಪಾಲಿಶ್ ಎಷ್ಟು ಎಂಬುದರ ಮೇಲೆ ತೊಗರಿಬೇಳೆಯ ದರ ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಆಚೀಚೆ ಆಗುತ್ತದೆ. ನಿಮ್ಮ ಅತ್ತೆಯ ಮಾತನ್ನು ತಳ್ಳಿಹಾಕಬೇಡಿ. ಸೆಕೆ ಮತ್ತು ತೇವದಲ್ಲಿ ಬಹುಕಾಲ ಇದ್ದ ಬೇಳೆ ಗಟ್ಟಿಯಾಗಿ ಬೇಗ ಬೇಯುವುದಿಲ್ಲ, ಇದು ಅವರ ಅನುಭವವೂ ಹೌದು, ಧಾನ್ಯದ ಗುಣವೂ ಹೌದು. ಆದರೆ ಗಡಸು ನೀರಿನಲ್ಲೂ ಬೇಳೆ ಬೇಯಲು ಸತಾಯಿಸುತ್ತದೆ. ಹುಣಸೆಹುಳಿ, ಟೊಮೆಟೊ ಮೊದಲೇ ಹಾಕಿದರೂ ಅಷ್ಟೇ. ಹೀಗೆ ಮಾಡಿ: ಶೆಟ್ಟರ ಅಂಗಡಿಯಿಂದ ಕಾಲು ಕಿಲೋ ಬೇಳೆ ತಂದು, ಎರಡನ್ನೂ ಒಂದೇ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಂದೇ ಕುಕ್ಕರಿನಲ್ಲಿ ಎರಡು ಬಟ್ಟಲಿಟ್ಟು ಬೇಯಿಸಿ. ಎರಡೂ ಬೇಯದಿದ್ದರೆ ಬೋರ್‌ವೆಲ್ ನೀರು ಬಿಟ್ಟು ಕುಡಿಯುವ ನೀರಿನಲ್ಲಿ ನೋಡಿ. ಮಳಿಗೆಯದು ಮಾತ್ರ ಬೇಯದಿದ್ದರೆ ಅತ್ತೆ ಹೇಳಿದ್ದೇ ಸರಿ, ಬೇಳೆಯನ್ನು ಅಲ್ಲಿಂದ ತರುವುದು ನಿಲ್ಲಿಸಿ. ಹೆಚ್ಚು ಹೊತ್ತು ಉರಿಯುವ ಗ್ಯಾಸಿಗೂ ದುಡ್ಡು ಕೊಡುತ್ತೀರಲ್ಲ.

ಪ್ಲಾಸ್ಟಿಕ್ ಅಕ್ಕಿಯ ಮಾತು ಸಂಪೂರ್ಣ ಸುಳ್ಳು. ಅಕ್ಕಿಗಿಂತ ಪ್ಲಾಸ್ಟಿಕ್ಕೇ ದುಬಾರಿ, ಬೇಯಿಸಿದರೆ ಅದು ಅನ್ನವಾಗುವುದೂ ಇಲ್ಲ. ಈ ಗುಮಾನಿಗೆ ಹೆಚ್ಚಾಗಿ ಕಾರಣ ಇತ್ತೀಚಿನ ವರ್ಷಗಳಲ್ಲಿ ಪಡಿತರದಲ್ಲಿ ಬಂದ ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಸೇರಿಸಿ ಕಾಳಿನ ಆಕಾರಕ್ಕೆ ಒತ್ತಿ, ನೂರಕ್ಕೆ ಒಂದರಂತೆ ಸಾಮಾನ್ಯ ಅಕ್ಕಿಗೆ ಬೆರೆಸುತ್ತಾರೆ. ಬಣ್ಣ ತುಸು ಬೇರೆ, ಕೆಲವು ತೊಳೆಯುವಾಗ ತೇಲುತ್ತವೆ. ಅದನ್ನು ಆರಿಸಿ ಎಸೆಯುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ, ಮಕ್ಕಳ ರಕ್ತಹೀನತೆಗೆಂದು ಹಾಕಿದ್ದೇ ಅದು. ಪಕ್ಕದ ಮನೆಯವರಿಗೂ ಹೇಳಿ.

ದಿನಾಂಕದ ಬಗ್ಗೆ ಎರಡೇ ಮಾತು. 'ಬೆಸ್ಟ್ ಬಿಫೋರ್' ಎಂದರೆ ಆ ದಿನದವರೆಗೆ ರುಚಿ, ಗುಣ ಪೂರ್ತಿ ಇರುತ್ತದೆ ಎಂದು. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂದಿದ್ದರೆ ಆ ದಿನ ದಾಟಿದ ಮೇಲೆ ತಿನ್ನಲೇಬಾರದು. ಬೇಗ ಖಾಲಿಯಾಗುವ ದೊಡ್ಡ ಮಳಿಗೆಯಲ್ಲಿ ಮಾಲು ಸಾಮಾನ್ಯವಾಗಿ ಹೊಸದೇ, ಆದರೆ 'ಒಂದು ಕೊಂಡರೆ ಒಂದು ಉಚಿತ' ರಾಶಿಯಲ್ಲಿ ಮಾತ್ರ ದಿನಾಂಕ ನೋಡದೆ ಕೈ ಹಾಕಬೇಡಿ.

ಮುಂದೇನು ಮಾಡಬಹುದು? ಮೊದಲ ದಾರಿ, ಈಗಿನಂತೆಯೇ ಹೋಗುವುದು, ಆದರೆ ಮೂರು ತಿಂಗಳಿಗೊಮ್ಮೆ, ಕೆಡದ ಸಾಮಾನಿಗೆ ಮಾತ್ರ. ಸಾಬೂನು, ಪೇಸ್ಟು, ಬಟ್ಟೆ ಪುಡಿ, ಪಾತ್ರೆ ತೊಳೆಯುವ ಬಾರು, ಫಿನಾಯಿಲ್. ನಿಮ್ಮ ದರಪಟ್ಟಿಯಲ್ಲಿ ಶೆಟ್ಟರಿಗೂ ಮಳಿಗೆಗೂ ಅತಿ ಹೆಚ್ಚು ಅಂತರ ಇರುವುದು ಇವುಗಳಲ್ಲೇ. 570ರಲ್ಲಿ 310 ಇಲ್ಲಿಯದು. ಕಾರಣ ಸರಳ. ಸಣ್ಣ ಅಂಗಡಿಗೆ ಕಂಪನಿ ಸಾಮಾನಿನಲ್ಲಿ ವಿತರಕರಿಂದ ಸಿಗುವುದು ಸಾಮಾನ್ಯವಾಗಿ ನೂರಕ್ಕೆ ಎಂಟರಿಂದ ಹನ್ನೆರಡು ರೂಪಾಯಿ, ಅದರಲ್ಲಿ ಬಿಟ್ಟುಕೊಡಲು ಅವರ ಬಳಿ ಏನೂ ಉಳಿಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಹೋದರೆ ಸಾಬೂನು ಪುಡಿಯಲ್ಲಿ ಸುಮಾರು 930 ಉಳಿಯುತ್ತದೆ, ಆಟೋ ಖರ್ಚು ಒಂದೇ ಸಲ 300. ಇದರ ಅಪಾಯ ಎಂದರೆ ಒಮ್ಮೆಗೇ ನಾಲ್ಕು ಸಾವಿರದ ಹತ್ತಿರ ಹೊರಬೇಕು, ಕೈಯಲ್ಲಿ ಇಲ್ಲದಿದ್ದರೆ ಕ್ರೆಡಿಟ್ ಕಾರ್ಡಿನ ಮೇಲೆ ಮಾತ್ರ ಮಾಡಬೇಡಿ. ಹೋಗುವುದು ವಾರದ ದಿನ, ಮಧ್ಯಾಹ್ನ, ಒಬ್ಬರೇ. ಬಟ್ಟೆ ಪಾತ್ರೆ ಇರುವ ಮಹಡಿ ಹತ್ತಬೇಡಿ, ಆ ಮಹಡಿಯಲ್ಲಿ ನಿಮಗೆ ನಿಜವಾಗಿ ಬೇಕಾದದ್ದಿದ್ದರೆ ಮನೆಯಿಂದಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಎರಡನೆಯದು ಅಕ್ಕಿ. ಇಲ್ಲಿ ನೀವು ಅನವಶ್ಯಕವಾಗಿ ಹೆಚ್ಚು ಕೊಡುತ್ತಿದ್ದೀರಿ. ಐದು ಕಿಲೋದ ಪೊಟ್ಟಣ ಐದು ತಂದಿದ್ದೀರಿ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಹೆಸರು ಮುದ್ರಿಸಿ ಕಟ್ಟಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಇದೆ, ಬಿಡಿಯಾಗಿ ತೂಗಿ ಕೊಡುವುದಕ್ಕೆ ಇಲ್ಲ. ಮಿಲ್ಲಿನವರು ಸೋನಾ ಮಸೂರಿಯನ್ನು 26 ಕಿಲೋ ಚೀಲದಲ್ಲಿ ಕಟ್ಟತೊಡಗಿದ್ದು ಅದಕ್ಕೇ. ಕಿಲೋಗೆ 60 ರೂಪಾಯಿ ಅಕ್ಕಿಯಲ್ಲಿ ತೆರಿಗೆಯೊಂದೇ ಸುಮಾರು ಮೂರು ರೂಪಾಯಿ. ಐದು ಜನರ ಮನೆಗೆ ಆ ಚೀಲ ಒಂದು ತಿಂಗಳ ಮೇಲೆ ಬರುತ್ತದೆ, ಕೆಡುವ ಮಾತಿಲ್ಲ.

ಮೂರನೆಯದು ಸಗಟು ಅಂಗಡಿ. ಮೈಸೂರಿನವರಿಗೆ ಸಂತೆಪೇಟೆ ಇದೆ. ಒಣಮೆಣಸಿನಕಾಯಿ, ಧನಿಯ, ಬೆಲ್ಲ, ಹುಣಸೆಹಣ್ಣು, ಬೇಳೆ ಅಲ್ಲಿ ಕಣ್ಣಾರೆ ಕಂಡು, ಕೈಯಲ್ಲಿ ಹಿಡಿದು, ದರ್ಜೆ ಕೇಳಿ ಕೊಳ್ಳಬಹುದು. ಎರಡು ಮೂರು ಮನೆಯವರು ಸೇರಿದರೆ ದರವೂ ಇಳಿಯುತ್ತದೆ. ಆದರೆ ಅಲ್ಲಿ ತಂದ ಮಾಲು ಹಿಂದಿರುಗಿಸುವುದು ಕಷ್ಟ, ಮೊದಲ ಸಲ ಗೊತ್ತಿರುವವರ ಜೊತೆ ಹೋಗಿ. ಬಿಡಿ ಕಡಲೆಹಿಟ್ಟು, ಬಿಡಿ ಖಾರದಪುಡಿ ಮಾತ್ರ ಬೇಡ, ಕಲಬೆರಕೆ ಸುಲಭವಾಗಿ ಆಗುವುದು ಪುಡಿ ಮಾಡಿದ ಪದಾರ್ಥದಲ್ಲಿ. ಕಾಳು ತಂದು ಗಿರಣಿಗೆ ಹಾಕಿಸಿ. ಎರಡು ತಿಂಗಳಿಗಿಂತ ಹೆಚ್ಚಿನ ಬೇಳೆ ಕೂಡ ಕೂಡಿಡಬೇಡಿ, ಮುಖ್ಯವಾಗಿ ಮಳೆಗಾಲದಲ್ಲಿ. ಹುಳು ಬಿದ್ದ ಎರಡು ಕಿಲೋ ಬೇಳೆ ಸಿಕ್ಕ ರಿಯಾಯಿತಿಯನ್ನು ತಿಂದುಹಾಕುತ್ತದೆ. ಬಿಸಿಲಿಗೆ ಹಾಕಿ, ತಣ್ಣಗಾದ ಮೇಲೆ ಸ್ವಲ್ಪ ಹರಳೆಣ್ಣೆ ಸವರಿ ಡಬ್ಬಕ್ಕೆ ತುಂಬುವುದು ನಿಮ್ಮ ಅತ್ತೆಗೆ ಗೊತ್ತೇ ಇರುತ್ತದೆ. ಆ ಹನ್ನೊಂದು ಡಬ್ಬಗಳೂ ಕೆಲಸಕ್ಕೆ ಬರುತ್ತವೆ.

ತರಕಾರಿಗೆ ಹಾಪ್‌ಕಾಮ್ಸ್ ಅಥವಾ ನಿಮ್ಮ ಬಡಾವಣೆಯ ಸಂಜೆ ಸಂತೆ. ನಂದಿನಿ ಹಾಲು ಎಲ್ಲಿ ಕೊಂಡರೂ ಒಂದೇ ದರ. ತೂಕದಲ್ಲಿ ಅನುಮಾನ ಬಂದರೆ, ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರೆ ಪೊಟ್ಟಣ, ಬಿಲ್ಲು ಎರಡೂ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದು ಯಾವ ಅಂಗಡಿಗಾದರೂ ಅನ್ವಯಿಸುತ್ತದೆ.

ಇನ್ನು ಶೆಟ್ಟರು. ಪತ್ರದ ಆ ಭಾಗವನ್ನು ಎರಡು ಸಲ ಓದಿದೆ. ಅವರು ಮೂರು ತಿಂಗಳು ಬಡ್ಡಿಯಿಲ್ಲದೆ ಕೊಟ್ಟ ಸಾಲಕ್ಕೆ ಯಾವ ಮಳಿಗೆಯ ಬಿಲ್ಲಿನಲ್ಲೂ ಸಾಲು ಇಲ್ಲ. ಆದರೆ ಬರೆಸಿ ತರುವ ಮನೆಗೆ ಚೌಕಾಸಿಯ ಹಕ್ಕು ಇರುವುದಿಲ್ಲ ಎಂಬುದೂ ನಿಜ, ಆ ದರದಲ್ಲಿ ಅವರು ಕಾಯುವ ತಿಂಗಳೂ ಸೇರಿರುತ್ತದೆ. ನೀವು ಈಗ ಮಳಿಗೆಯಲ್ಲಿ ರೊಕ್ಕ ಕೊಟ್ಟೇ ತರುತ್ತಿದ್ದೀರಿ. ಅದೇ ರೊಕ್ಕ ಅವರ ಕೈಗೆ ಕೊಟ್ಟರೆ ದರ ಎಷ್ಟಾಗುತ್ತದೆ ಎಂದು ಒಮ್ಮೆಯೂ ಕೇಳಿಲ್ಲ, ದರಪಟ್ಟಿ ಬರೆದುಕೊಂಡು ಬಂದದ್ದೂ ಬರೆಸುವ ದರವೇ ಎಂದು ನಿಮ್ಮ ಪತ್ರದಿಂದ ಕಾಣುತ್ತದೆ. ಅವರೂ ಮಾಲು ತರುವುದು ಸಂತೆಪೇಟೆಯಿಂದಲೋ ಬಂಡಿಪಾಳ್ಯದ ಎಪಿಎಂಸಿಯಿಂದಲೋ ಆಗಿರುತ್ತದೆ. ಮುಂದಿನ ತಿಂಗಳು ಸಂಬಳ ಬಂದ ಸಂಜೆ ಅಂಗಡಿಗೆ ಹೋಗಿ, ಬೇಳೆ, ಸಕ್ಕರೆ, ಎಣ್ಣೆ ಇನ್ನು ಮೇಲೆ ಇಲ್ಲೇ ರೊಕ್ಕ ಕೊಟ್ಟು ಒಯ್ಯುತ್ತೇವೆ, ಸೋನಾ ಮಸೂರಿ 26 ಕಿಲೋ ಚೀಲ ಒಂದು ತರಿಸಿ ಮನೆಗೆ ಹಾಕಿಸುತ್ತೀರಾ, ಎಷ್ಟಾಗುತ್ತದೆ ಎಂದು ಕೇಳಿ. ಅವರು ಹೇಳುವ ದರವನ್ನು ನಿಮ್ಮ ಪಟ್ಟಿಯ ಪಕ್ಕದಲ್ಲಿ ಬರೆದು ನನಗೂ ಕಳಿಸಿ.